ಮೆಲ್ಬರ್ನಿನ ಎಳ್ಳು ಬೆಲ್ಲ

"ಅಮ್ಮ, ನಿಂಗೂ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಬಂದ್ಮೇಲೆ ತಾತನ ಮನೆಗೆ ಹೋಗಕ್ಕೆ ಪರ್ಮಿಷನ್ ಬೇಕಾ?"

ಸಂಕ್ರಾಂತಿಯ ಬೆಳಿಗ್ಗೆ ನಾನು ಕೊಬ್ಬರಿ ಹೆಚ್ಚುತ್ತಿದ್ದೆ. ಮಗಳು ಎದುರಿಗೆ ಕೂತು ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಹುಟ್ಟಿದ್ದು ಇಲ್ಲೇ ಮೆಲ್ಬರ್ನಿನಲ್ಲಿ. ಆಗ ನಮಗೆ ಪಿಆರ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಇತ್ತು, ಹಾಗಾಗಿ ಹುಟ್ಟುತ್ತಲೇ ಇಲ್ಲಿನ ಪ್ರಜೆ. ಊರಿಗೆ ಹೊರಟಾಗಲೆಲ್ಲ ಅವಳ ಓಸಿಐ ಪುಸ್ತಕ, ಹೊರದೇಶದ ಪ್ರಜೆಯಾದ ನಮ್ಮ ಮೂಲದವರಿಗೆ ಭಾರತ ಕೊಡುವಂಥದ್ದು, ಬ್ಯಾಗಿನಲ್ಲಿ ಇದೆಯಾ ಅಂತ ನಾನು ತಡಕಾಡುವುದನ್ನು ನೋಡಿದ್ದಾಳೆ.

"ಹೌದು ಪುಟ್ಟಿ, ನಂಗೂ ಬೇಕಾಗುತ್ತೆ" ಅಂದೆ.

"ಅದು ನಿನ್ನ ಮನೆ ಅಲ್ವಾ?"

ಆ ಬೆಲ್ಲದ ಡಬ್ಬ ಕೊಡು ಅಂತ ಮಾತು ಬದಲಿಸಿದೆ. ಹಬ್ಬದ ದಿನ ಕೆಲಸ ಜಾಸ್ತಿ ಇರುವುದು ಎಷ್ಟೋ ಸಲ ಒಳ್ಳೆಯದೇ.

ಇಲ್ಲಿನ ಪೌರತ್ವಕ್ಕೆ ನಾನು ಹಾಕಿದ ಅರ್ಜಿ ಮುಕ್ಕಾಲು ದಾರಿ ಬಂದಿದೆ. ಟೆಸ್ಟ್ ಆಯಿತು. 20 ಪ್ರಶ್ನೆಯಲ್ಲಿ 15 ಸರಿ ಇರಬೇಕು, ಈ ದೇಶದ ಮೌಲ್ಯಗಳ ಬಗ್ಗೆ ಕೇಳುವ 5 ಪ್ರಶ್ನೆಗಳಲ್ಲಿ ಮಾತ್ರ ಒಂದೂ ತಪ್ಪುವಂತಿಲ್ಲ. ಊಟ ಮಾಡುವಾಗೆಲ್ಲ ಮಗಳೇ ಪ್ರಶ್ನೆ ಕೇಳಿ ಓದಿಸಿದ್ದು. ಅರ್ಜಿ ಒಪ್ಪಿಗೆಯಾಗಿದೆ ಅಂತ ಮೇಲ್ ಕೂಡ ಬಂತು. ಉಳಿದದ್ದು ಈ ದೇಶಕ್ಕೆ ನಿಷ್ಠೆಯ ಪ್ರಮಾಣ ಓದುವ ಸಮಾರಂಭಕ್ಕೆ ಬರುವ ಕರೆ ಒಂದೇ. ಒಪ್ಪಿಗೆಯಾದ 12 ತಿಂಗಳೊಳಗೆ ಆ ಪ್ರಮಾಣ ಓದಬೇಕು. ಓದುವವರೆಗೆ ನಾನು ಭಾರತದವಳೇ. ಓದಿದ ಮೇಲೆ ಅಲ್ಲ. ನಮ್ಮ ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆ ಎರಡೂ ಹೇಳುವುದು ಅದನ್ನೇ. ಎರಡು ದೇಶದ ಪೌರತ್ವ ಒಟ್ಟಿಗೆ ಇಟ್ಟುಕೊಳ್ಳಲು ನಮಗೆ ಆಗುವುದಿಲ್ಲ.

ಇಲ್ಲಿ ಎಷ್ಟೋ ಕೌನ್ಸಿಲ್‌ಗಳು ಜನವರಿ 26ಕ್ಕೆ ಸಮಾರಂಭ ಇಡುತ್ತವೆ. ಆವತ್ತು ಆಸ್ಟ್ರೇಲಿಯಾ ಡೇ. ನಮಗೆ ಅದು ಗಣರಾಜ್ಯೋತ್ಸವ, ನಮ್ಮೂರ ಶಾಲೆಯಲ್ಲಿ ಬಾವುಟ ಹಾರಿಸಿ ಪೆಪ್ಪರ್‌ಮೆಂಟ್ ಹಂಚುತ್ತಿದ್ದ ದಿನ. ಆ ದಿನವೇ ಎದ್ದು ನಿಂತು ಇನ್ನೊಂದು ದೇಶಕ್ಕೆ ನಿಷ್ಠೆ ಹೇಳುವುದು ನನ್ನಿಂದ ಕಷ್ಟವಾಗುತ್ತಿತ್ತು. ಈ ಸಲ 26ಕ್ಕೆ ಕರೆ ಬರಲಿಲ್ಲ. ಮನಸ್ಸಿಗೆ ನಿರಾಳವಾಯಿತು.

ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಎಲ್ಲ ಇತ್ತು. ಫ್ರೋಜನ್ ಅವರೆಕಾಳು ಸಿಕ್ಕಿತ್ತು. ಗೆಣಸು ಬೇಯುತ್ತಿತ್ತು. ಕಬ್ಬು ಮಾತ್ರ ಇರಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಹಿಂದಿನ ದಿನವೇ ಖಾಲಿಯಾಗಿತ್ತು. ಬೇರೆ ಏನಾದರೂ ಖಾಲಿಯಾಗಿದ್ದರೆ ಇಷ್ಟು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಾನು ಮಂಡ್ಯ ಸೀಮೆಯವಳು. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬೆಳೆದ ಗದ್ದೆ ನಮ್ಮದು. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ತಾತನ ಕಾಲದಿಂದ ಗಾಡಿ ಕಟ್ಟಿದವರು. ಕಬ್ಬನ್ನು ದುಡ್ಡು ಕೊಟ್ಟು ಕೊಳ್ಳಬಹುದು ಅಂತ ನನಗೆ ಗೊತ್ತಾಗಿದ್ದೇ ಕಾಲೇಜಿಗೆ ಬೆಂಗಳೂರಿಗೆ ಹೋದಮೇಲೆ.

ಮಗಳು ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯ ವಿಯೆಟ್ನಾಂ ಅಜ್ಜಿಗೆ ಇದನ್ನೆಲ್ಲ ಹೇಳಿಬಿಟ್ಟಿದ್ದಾಳೆ. ಸ್ವಲ್ಪ ಹೊತ್ತಿಗೆ ಅಜ್ಜಿ ಬಾಗಿಲಿಗೆ ಬಂದರು. ಕೈಯಲ್ಲಿ ಎರಡು ಜಲ್ಲೆ ಕಬ್ಬು, ಸೋಗೆ ಸಮೇತ. ಅವರ ಹಿತ್ತಲಿನಲ್ಲಿ, ಬಿಸಿಲು ಬೀಳುವ ಗೋಡೆಯ ಪಕ್ಕ ಬೆಳೆದದ್ದು. ಸಣ್ಣ ಗೆಣ್ಣು, ಹೆಬ್ಬೆರಳಿಗಿಂತ ದಪ್ಪವಿಲ್ಲ. ಮೆಲ್ಬರ್ನಿನ ಚಳಿಯಲ್ಲಿ ಅಷ್ಟು ಬೆಳೆಸಿದ್ದೇ ದೊಡ್ಡದು. ಅವುಗಳನ್ನು ಅವರು ತಮ್ಮ ಹೊಸ ವರ್ಷದ ಟೆಟ್ ಹಬ್ಬಕ್ಕೆ ಅಂತ ಇಟ್ಟುಕೊಂಡಿದ್ದರು. ಹಿರಿಯರ ಪೂಜೆಯ ಜಾಗದಲ್ಲಿ ಎರಡೂ ಕಡೆ ಕಬ್ಬು ನಿಲ್ಲಿಸುತ್ತಾರಂತೆ. ಬೇಡ ಅಂದೆ. ಇನ್ನೂ ಇವೆ, ನಿನ್ನ ಹಬ್ಬ ಮೊದಲು ಬಂದಿದೆ ಅಂತ ಕೈಗಿಟ್ಟರು.

ಅವರಿಗೆ ಕಾಫಿ ಕೊಟ್ಟು ಕೂರಿಸಿದೆ. ನನ್ನ ಪತ್ರ ಬಂತಾ ಅಂತ ಕೇಳಿದರು. ಅವರು ದೋಣಿಯಲ್ಲಿ ದಾಟಿ ಬಂದವರು. ಮಲೇಷ್ಯಾದ ಕ್ಯಾಂಪಿನಲ್ಲಿ ಕಾದು, ಆಮೇಲೆ ಇಲ್ಲಿಗೆ. ಪ್ರಮಾಣ ಓದುವಾಗ ನಿಮಗೆ ಹೇಗನಿಸಿತು ಅಂತ ಕೇಳಿದೆ. "ಆವತ್ತು ನನಗೆ ಬೇರೆ ಯಾವ ದೇಶವೂ ಇರಲಿಲ್ಲ. ತುಂಬಾ ಖುಷಿಯಾಯಿತು" ಅಂದರು. ಹೇಳುವಾಗಲೂ ಮುಖದಲ್ಲಿ ಆ ಖುಷಿ ಇತ್ತು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನನ್ನನ್ನು ಯಾರೂ ಓಡಿಸಲಿಲ್ಲ. ನಾನು ಒಳ್ಳೆಯ ಕೆಲಸಕ್ಕೆ ಅಂತ ಟಿಕೆಟ್ ಮಾಡಿಸಿಕೊಂಡು ಬಂದವಳು. ನನಗಿರುವುದು ಬಿಟ್ಟುಕೊಡುವ ಸಂಕಟ. ಅದೂ ಒಂದು ಅನುಕೂಲವೇ ಅಂತ ಆ ಅಜ್ಜಿಯ ಎದುರಿಗೆ ಅನಿಸಿತು.

ಮಧ್ಯಾಹ್ನ ಮಗಳಿಗೆ ಲಂಗ ಹಾಕಿ ಎಳ್ಳು ಬೀರಲು ಹೊರಟೆವು. ಬಿಸಿಲೆಂದರೆ ಬಿಸಿಲು. ನಾಲ್ಕಾರು ಕನ್ನಡದವರ ಮನೆ, ಎದುರಿನ ಪಂಜಾಬಿಯವರ ಮನೆ, ಕೊನೆಗೆ ಅಜ್ಜಿಯ ಮನೆ. ಎಲ್ಲ ಕಡೆ ನಗು, ಎಲ್ಲ ಕಡೆ ಅದೇ ಪ್ರಶ್ನೆ, ಸೆರಮನಿ ಯಾವಾಗ?

ಸಕ್ಕರೆ ಅಚ್ಚು ಊರಿಂದ ತಂದದ್ದು. ನಮ್ಮ ಅವ್ವ ಇದ್ದಾಗ ಅಚ್ಚು ಹಾಕುವುದೇ ಒಂದು ವಾರದ ಕೆಲಸ. ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ಪಾಕ ಹುಯ್ದು, ಆನೆ, ಬಾಳೆಗೊನೆ, ಬೃಂದಾವನ. ಬಿಳೀ ಅಚ್ಚು ಸ್ವಲ್ಪ ಮಾಸಿದರೂ ಅವ್ವನಿಗೆ ಆಗುತ್ತಿರಲಿಲ್ಲ, ಮತ್ತೆ ಕರಗಿಸುತ್ತಿದ್ದಳು. ಮುರಿದ ಆನೆಗಳೆಲ್ಲ ನನಗೆ. ಮೊದಮೊದಲು ಇಲ್ಲಿಂದ ಫೋನ್ ಮಾಡಿದಾಗ ಅವಳು ಕೇಳುತ್ತಿದ್ದದ್ದು ಒಂದೇ, "ವಾಪಸ್ ಯಾವಾಗ ಬತ್ತೀರಿ?" ಮಗು ಸ್ಕೂಲಿಗೆ ಸೇರೋ ಮೊದಲು ಅಂತ ಹೇಳುತ್ತಿದ್ದೆ. ಹೇಳುವಾಗ ಅದು ನಿಜವೇ ಆಗಿತ್ತು. ಮಗು ಸ್ಕೂಲಿಗೆ ಸೇರಿದ ವರ್ಷದಿಂದ ಅವ್ವ ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು.

ನಮ್ಮವರು ಬಹಳ ಹಿಂದೆಯೇ ಇಲ್ಲಿನ ಪೌರತ್ವ ತೆಗೆದುಕೊಂಡರು. ನಾನು ಅವ್ವ ಇರುವವರೆಗೆ ಅರ್ಜಿ ಹಾಕಲಿಲ್ಲ. ಹೊರದೇಶದಲ್ಲಿರುವವರಿಗೆ ಈ ಭಯ ಗೊತ್ತಿರುತ್ತದೆ. ಪ್ರಮಾಣ ಆದಮೇಲೆ ಇಲ್ಲಿನ ಪಾಸ್‌ಪೋರ್ಟ್ ಮಾಡಿಸಬೇಕು, ಭಾರತದ್ದನ್ನು ಒಪ್ಪಿಸಬೇಕು, ಆಮೇಲೆ ಓಸಿಐಗೆ ಅರ್ಜಿ. ಆ ನಡುವಿನ ದಿನಗಳಲ್ಲಿ ಊರಿಂದ ಸರಿರಾತ್ರಿಯ ಫೋನ್ ಬಂದರೆ ವೀಸಾಕ್ಕೆ ಕಾಯುತ್ತ ಕೂರಬೇಕು. ಅವ್ವನ ಫೋನ್ ಬಂದ ರಾತ್ರಿ ನಾನು ಯಾರನ್ನೂ ಏನೂ ಕೇಳದೆ ವಿಮಾನ ಹತ್ತಿದೆ. ಕೊನೆಯ ದಿನಗಳಲ್ಲಿ ಅವಳ ಪಕ್ಕ ಕೂರಲು ಸಿಕ್ಕಿತು. ವರ್ಷದ ತಿಥಿ ಮುಗಿಸಿ ಬಂದಮೇಲೆ ಅರ್ಜಿ ಹಾಕಿದೆ. ಈಗ ಪತ್ರ ಬೇಗ ಬರಲಿ ಅಂತ ಮೇಲ್ ತೆಗೆದು ನೋಡುತ್ತೇನೆ. ಅಪ್ಪ ಫೋನಿನಲ್ಲಿ ಕೆಮ್ಮಿದರೆ, ಇನ್ನೂ ಸ್ವಲ್ಪ ತಡವಾಗಲಿ ಅನಿಸುತ್ತದೆ.

ನನ್ನ ಭಾರತದ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪ ಅವ್ವ ಇಬ್ಬರ ಹೆಸರೂ ಇದೆ. ನಮ್ಮವರ ಹೊಸ ಪಾಸ್‌ಪೋರ್ಟನ್ನು ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಆ ಹೆಸರುಗಳಿಗೆ ಜಾಗವಿಲ್ಲ.

ಇಲ್ಲಿ ಜನವರಿಯಲ್ಲಿ ಎಂಟೂವರೆ ದಾಟಿದರೂ ಬೆಳಕಿರುತ್ತದೆ. ಉತ್ತರಾಯಣ ಅಂತ ನಾವು ಹಬ್ಬ ಮಾಡುವ ಹೊತ್ತಿಗೆ ಇಲ್ಲಿನ ಹಗಲು ಆಗಲೇ ಸಣ್ಣದಾಗತೊಡಗಿರುತ್ತದೆ. ಆ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ ಮೂರು. ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಿದ್ದನಂತೆ, ಸಂಜೆ ಕಿಚ್ಚು ಹಾಯಿಸಬೇಕಲ್ಲ. ಈ ಸಲ ಕಬ್ಬು ಹಾಕಿಲ್ಲ, ಕಡಿಯಲು ಆಳು ಸಿಗುವುದಿಲ್ಲ ಅಂದ. ನಮ್ಮ ಮನೆಯಲ್ಲಿ ಕಬ್ಬಿದೆ ಅಂತ ಹೇಳಲು ನನಗೆ ಸಂಕೋಚವಾಯಿತು.

"ಕಾಗ್ದ ಬಂತೇನವ್ವಾ?"

"ಇನ್ನೂ ಇಲ್ಲ ಅಪ್ಪ."

"ಬತ್ತದೆ ಬುಡು. ನಮ್ ಪಾಸ್‌ಪೋರ್ಟ್ ಅವ್ರೇ ಮಡಿಕತಾರಾ?"

ರದ್ದು ಅಂತ ಮುದ್ರೆ ಹೊಡೆದು ವಾಪಸ್ ಕೊಡುತ್ತಾರೆ ಅಂದೆ.

"ಅಂಗಾರೆ ಬರೋವಾಗ ಇಲ್ಲಿಗೆ ತಗಂಬಾ. ನಿಮ್ಮವ್ವನ ಪೆಟ್ಟಿಗೇಲಿ ಮಡಗಾನ. ಅವಳ ಹೆಸರದಲ್ಲ ಅದ್ರಾಗೆ."