ಅರವತ್ತೆಂಟರ ಟ್ರಕ್ಕಿಗೆ ಹೊಸ ಬ್ರೇಕ್ ಹೋಸ್

ಶನಿವಾರ, 12 ಅಕ್ಟೋಬರ್ 2024
ಕೊಲಂಬಸ್, ಒಹಾಯೊ

ಮುಂದಿನ ಎಡಚಕ್ರ ಬ್ರೇಕ್ ಹಿಡಿದರೆ ಬಿಡುತ್ತಿರಲಿಲ್ಲ. ಪೆಡಲಿನಿಂದ ಕಾಲು ತೆಗೆದ ಮೇಲೂ ಟ್ರಕ್ ಎಡಕ್ಕೆ ಎಳೆಯೋದು, ಆ ರಿಮ್ ಮುಟ್ಟಿದರೆ ಕೈ ಚುರ್ ಅನ್ನೋದು. ಇಂಥದ್ದಕ್ಕೆ ಎಲ್ಲರೂ ಮೊದಲು ಹೇಳುವುದು ಕ್ಯಾಲಿಪರ್ (ಪಿಸ್ಟನ್ನಿನ ಬಲದಿಂದ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಜಾಮ್ ಆಗಿದೆ ಅಂತ. ಕ್ಯಾಲಿಪರಿಗೆ ದುಡ್ಡು ಸುರಿಯುವ ಮುಂಚೆ ಮಾಡಬೇಕಾದ ಪರೀಕ್ಷೆ ಒಂದಿದೆ. ಚಕ್ರ ಎತ್ತಿ, ಬ್ರೇಕ್ ಒಮ್ಮೆ ಒತ್ತಿ ಬಿಟ್ಟು, ಕ್ಯಾಲಿಪರಿನ ಆಯಿಲ್ ಹೊರಬಿಡುವ ತಿರುಪು, ಬ್ಲೀಡ್ ನಿಪ್ಪಲ್, ಸಡಿಲಿಸಿದೆ. ಪಿಚಕ್ ಅಂತ ಆಯಿಲ್ ಹಾರಿತು, ಚಕ್ರ ಹಗುರಾಗಿ ತಿರುಗಿತು. ಅಂದರೆ ಪಿಸ್ಟನ್ ಸರಿ ಇದೆ, ಒತ್ತಡ ಎಲ್ಲೋ ಸಿಕ್ಕಿಕೊಂಡಿದೆ. ಮತ್ತೆ ಒತ್ತಿ ಬಿಟ್ಟು, ಈ ಸಲ ಚಾಸಿ ಹತ್ತಿರ ಸ್ಟೀಲ್ ಪೈಪ್ ಹೋಸಿಗೆ (ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಕೊಳವೆಗೆ) ಸೇರುವ ನಟ್ ಸಡಿಲಿಸಿದೆ. ಚಕ್ರ ಕದಲಲಿಲ್ಲ. ಹಾಗಾದರೆ ಕಳ್ಳ ಹೋಸ್ ಒಳಗೇ ಇದ್ದಾನೆ.

ಬಿಚ್ಚಿ ಗರಗಸದಲ್ಲಿ ಸೀಳಿ ನೋಡಿದೆ. ಹೊರಗಡೆ ಒಂದು ಬಿರುಕಿಲ್ಲ, ಒಳಗಿನ ರಬ್ಬರ್ ಮಾತ್ರ ಉಬ್ಬಿ ದಾರಿ ಮುಚ್ಚಿದೆ. ಕಾಲಿನ ಬಲಕ್ಕೆ ಆಯಿಲ್ ಹೇಗೋ ನುಗ್ಗುತ್ತದೆ. ವಾಪಸ್ ಬರಲು ಆ ಬಲ ಯಾರು ಕೊಡಬೇಕು? ಅದೇ ಹೋಸಿನ ಪಕ್ಕೆಯಲ್ಲಿ ಒಂದಂಗುಲ ಉದ್ದಕ್ಕೆ ರಬ್ಬರ್ ಸವೆದು ಒಳಗಿನ ನೂಲು ಕಾಣುತ್ತಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೆ ಉಜ್ಜುತ್ತಿದ್ದ ಜಾಗ ಅದು. ಹಿಂದಿನ ಮಾಲೀಕ ಅದನ್ನು ಸಸ್ಪೆನ್ಷನ್ನಿನ ಮೇಲಿನ ಆರ್ಮ್‌ಗೆ (ಚಕ್ರವನ್ನು ಚಾಸಿಗೆ ಸೇರಿಸುವ ತೋಳಿಗೆ) ಪ್ಲಾಸ್ಟಿಕ್ ಟ್ಯಾಗಿನಲ್ಲಿ ಕಟ್ಟಿ ಕೈತೊಳೆದುಕೊಂಡಿದ್ದ.

ಇದು 1968ರ ಷೆವ್ರೊಲೆ ಸಿ10. ಫ್ಯಾಕ್ಟರಿಯಿಂದ ಬಂದಾಗ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಈ ಟ್ರಕ್ಕಿಗೆ ಮುಂದೆ ಡಿಸ್ಕ್ ಬಂದದ್ದು 1971ರ ಮಾಡೆಲಿನಿಂದ. ನನ್ನದಕ್ಕೆ ಯಾರೋ ಟ್ರಕ್ಕನ್ನು ಎರಡೂವರೆ ಇಂಚು ತಗ್ಗಿಸುವ ಸ್ಪಿಂಡಲ್ (ಚಕ್ರ ಕೂರುವ ಭಾಗ), ಡಿಸ್ಕ್, 20 ಇಂಚಿನ ಅಲಾಯ್ ಎಲ್ಲ ಏರಿಸಿದ್ದಾರೆ. ಅಂಗಡಿಯಲ್ಲಿ 1968 ಅಂದರೆ ಡ್ರಮ್ಮಿನ ಹೋಸ್ ಕೊಡುತ್ತಾರೆ, ಅದು ಕ್ಯಾಲಿಪರಿಗೆ ಕೂರುವುದೇ ಇಲ್ಲ. 1971 ಅಂದರೆ ಕ್ಯಾಲಿಪರಿಗೆ ಕೂರುತ್ತದೆ, ಆದರೆ ಅದರ ಉದ್ದ 15 ಇಂಚಿನ ಚಕ್ರದ, ಫ್ಯಾಕ್ಟರಿ ಎತ್ತರದ ಟ್ರಕ್ಕಿಗೆ ಹೊಂದಿಸಿದ್ದು. ಕೌಂಟರಿನ ಕಂಪ್ಯೂಟರಿಗೆ ವರ್ಷ ಗೊತ್ತು, ನನ್ನ ಟ್ರಕ್ ಗೊತ್ತಿಲ್ಲ. ಹೀಗೆ ಮಾರ್ಪಡಿಸಿದ ಗಾಡಿಗೆ ಅಳತೆ ಗಾಡಿಯ ಮೇಲೇ ತೆಗೆಯಬೇಕು, ಅದೂ ಚಕ್ರ ಹೋಗಬಹುದಾದ ಕಡೆಗೆಲ್ಲ ಹೋದಾಗ.

ಹಾಗಾಗಿ ಕಾಯಿಲ್ ಸ್ಪ್ರಿಂಗನ್ನು ಅದನ್ನು ಅಮುಕಿ ಹಿಡಿಯುವ ಕಂಪ್ರೆಸರ್ ಹಾಕಿ ಹೊರಗೆ ತೆಗೆದೆ. (ಈ ಕೆಲಸದಲ್ಲಿ ಅವಸರ ಬೇಡ, ಹಾರಿದರೆ ಪ್ರಾಣ ತೆಗೆಯುವ ವಸ್ತು ಅದು.) ಶಾಕ್ ಅಬ್ಸಾರ್ಬರ್ ಮಾತ್ರ ಜಾಗದಲ್ಲೇ ಇರಲಿ, ಕೆಳಕ್ಕೆ ಎಷ್ಟು ಇಳಿಯಬೇಕು ಅಂತ ತೀರ್ಮಾನಿಸುವುದು ಅದೇ. ಸ್ಪ್ರಿಂಗ್ ಇಲ್ಲದಿದ್ದರೆ ಕೆಳಗಿನ ಆರ್ಮನ್ನು ಜ್ಯಾಕಿನಿಂದ ಬಂಪ್ ಸ್ಟಾಪ್ (ಆರ್ಮ್ ಮೇಲೇರುವುದನ್ನು ತಡೆಯುವ ರಬ್ಬರ್ ತುಂಡು) ಮುಟ್ಟುವ ತನಕ ಎತ್ತಬಹುದು, ಪೂರ್ತಿ ಜೋತು ಬೀಳಿಸಲೂಬಹುದು. ಎರಡೂ ಕೊನೆಯಲ್ಲಿ ಸ್ಟೀರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಈ ನಾಲ್ಕು ಭಂಗಿಯಲ್ಲಿ ಯಾವುದರಲ್ಲೂ ಹೋಸ್ ಬಿಗಿಯಬಾರದು, ಮಡಚಬಾರದು, ಟೈರು, ಸ್ಪ್ರಿಂಗ್ ಯಾವುದನ್ನೂ ಮುಟ್ಟಬಾರದು. ಹಗ್ಗ ಹಿಡಿದು ಅಳೆದರೆ ಪ್ರಯೋಜನವಿಲ್ಲ. ಹಗ್ಗ ಎಲ್ಲಿ ಬೇಕಾದರೂ ಬಾಗುತ್ತದೆ, ಹೋಸಿಗೆ ಅದರದೇ ಬಿಗುವಿದೆ. ಬಲಗಡೆಯಿಂದ ಬಿಚ್ಚಿದ ಹಳೆಯದನ್ನೇ ಹಿಡಿದು ನೋಡಿದೆ.

ನೋಡುತ್ತಾ ಹೋದಂತೆ ಗೊತ್ತಾಗಿದ್ದು, ತಕರಾರು ಉದ್ದದ್ದಲ್ಲ, ಬ್ರಾಕೆಟ್ಟಿನದು. ಚಾಸಿಯ ಮೇಲಿನ ಬ್ರಾಕೆಟ್ ಮೇಲಿನ, ಕೆಳಗಿನ ಆರ್ಮ್ ತುದಿಯ ಎರಡು ಬಾಲ್ ಜಾಯಿಂಟ್ ಸೇರಿಸುವ ಗೆರೆಯಿಂದ ತುಂಬಾ ಮುಂದಿತ್ತು. ಚಕ್ರ ತಿರುಗುವುದು ಆ ಗೆರೆಯ ಸುತ್ತ. ಹೋಸಿನ ಮೇಲ್ತುದಿ ಅದಕ್ಕೆ ಹತ್ತಿರವಿದ್ದಷ್ಟೂ ಸ್ಟೀರಿಂಗ್ ತಿರುಗಿಸಿದಾಗ ಹೋಸಿಗೆ ಎಳೆತ ಕಡಿಮೆ. ದಪ್ಪ ತಗಡಿನಲ್ಲಿ ಹೊಸ ಬ್ರಾಕೆಟ್ ಮಾಡಿ ಹಿಂದಕ್ಕೆ ಬೋಲ್ಟ್ ಹಾಕಿದೆ. ಅದರ ತೂತು ದುಂಡಗಿದ್ದರೆ ಸಾಲದು, ಹೋಸಿನ ತಲೆ ತಿರುಗದಂತೆ ಅದೇ ಆಕಾರಕ್ಕೆ ಅರ ಹಾಕಬೇಕು, ಮೇಲಿಂದ ಯು ಕ್ಲಿಪ್ ಬಡಿಯಬೇಕು. ಬ್ರಾಕೆಟ್ ಜಾಗ ಬದಲಾದ ಮೇಲೆ 1971ರ ಹೋಸೇ ಎಲ್ಲ ಭಂಗಿಯಲ್ಲೂ ಸಲೀಸಾಗಿ ಓಡಾಡಿತು.

ಹಿಂದಿನ ಆಕ್ಸೆಲ್ಲಿನ ಕಥೆಯೂ ಅಷ್ಟೇ. ಟ್ರಕ್ ತಗ್ಗಿದ್ದರಿಂದ ಅಲ್ಲಿನ ಹೋಸ್ ಹೊಟ್ಟೆ ಬಿಟ್ಟುಕೊಂಡು ಸೈಲೆನ್ಸರ್ ಪೈಪಿನ ಕಡೆ ಜೋಲುತ್ತಿತ್ತು. ಗಿಡ್ಡದು ಹಾಕೋಣ ಅನ್ನಿಸುವುದು ಸಹಜ. ಆದರೆ ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿದ ದಿನ ಆಕ್ಸೆಲ್ ಶಾಕ್ ಬಿಟ್ಟಷ್ಟು ಕೆಳಗಿಳಿಯುತ್ತದೆ, ಆಗ ಅದರ ಭಾರವೆಲ್ಲ ಗಿಡ್ಡ ಹೋಸಿನ ಮೇಲೆ. ಅಲ್ಲೂ ಬ್ರಾಕೆಟ್ಟನ್ನೇ ಸರಿಸಿದೆ.

ಸ್ಟೀಲ್ ಹೆಣಿಗೆಯ ಹೋಸ್ ಯಾಕೆ ಹಾಕಲಿಲ್ಲ ಅಂತ ಕೇಳುವವರಿಗೆ: ರೇಸಿಗೆ ಹೋಗುವವರು ಹಾಕಿಕೊಳ್ಳಲಿ. ಒಳಗಿನ ಟೆಫ್ಲಾನ್ ಉಬ್ಬುವುದಿಲ್ಲ, ಪೆಡಲ್ ಗಟ್ಟಿ ಅನ್ನಿಸುತ್ತದೆ, ನಿಜ. ಆದರೆ ಆ ಹೆಣಿಗೆ ತಾಗಿದ್ದನ್ನೆಲ್ಲ ಅರದ ಹಾಗೆ ತಿನ್ನುತ್ತದೆ, ಒಳಗೆ ಏನಾಗಿದೆ ಅಂತ ಹೊರಗಿಂದ ಕಾಣುವುದಿಲ್ಲ. ಇಲ್ಲಿಯ ಚಳಿಗಾಲದ ರಸ್ತೆ ಉಪ್ಪು ಅದರೊಳಗೆ ಸೇರಿಕೊಂಡರೆ ತೊಳೆಯುವವರು ಯಾರು? ಅಮೆರಿಕದ ಬ್ರೇಕ್ ಹೋಸ್ ನಿಯಮ ಎಫ್‌ಎಂವಿಎಸ್‌ಎಸ್ 106. ಅದರ ಪ್ರಕಾರ ಹೋಸ್ 4000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡವನ್ನು 2 ನಿಮಿಷ ತಡೆಯಬೇಕು, ಯಂತ್ರದಲ್ಲಿ 35 ಗಂಟೆ ಬಿಡದೆ ಬಾಗಿಸಿ ಕುಣಿಸಿದರೂ ಒಡೆಯಬಾರದು. ಸಾದಾ ರಬ್ಬರ್ ಇಷ್ಟನ್ನೂ ದಾಟಿ ಬಂದಿರುತ್ತದೆ. ಈ ನಿಯಮಕ್ಕೆ ಹೊಂದುತ್ತದೆ ಅನ್ನುವ ಡಾಟ್ (DOT) ಗುರುತಿಲ್ಲದ ಹೆಣಿಗೆ ಹೋಸುಗಳು ಎಷ್ಟೇ ಥಳಥಳ ಹೊಳೆದರೂ ನನಗೆ ಬೇಡ. ರಬ್ಬರ್ ಮೇಲೆ ತಯಾರಾದ ತಾರೀಖು ಅಚ್ಚಾಗಿರುತ್ತದೆ, ಅದನ್ನೂ ಓದಿಯೇ ತಂದೆ. ವರ್ಷಗಟ್ಟಲೆ ಶೆಲ್ಫಿನಲ್ಲಿ ಕೂತಿದ್ದಕ್ಕೆ ಹೊಸದರ ಬೆಲೆ ಕೊಡುವುದ್ಯಾಕೆ?

ತುದಿಗಳ ವಿಷಯದಲ್ಲಿ ಕಣ್ಣು ಮೋಸ ಮಾಡುತ್ತದೆ. 3/16 ಇಂಚಿನ ಬ್ರೇಕ್ ಪೈಪಿನ ನಟ್ಟಿಗೆ 3/8-24 ಥ್ರೆಡ್, ಅಂದರೆ 3/8 ಇಂಚು ದಪ್ಪ, ಇಂಚಿಗೆ 24 ಸುತ್ತು. ರೇಸಿಂಗಿನವರ ಎಎನ್ 3 ಫಿಟ್ಟಿಂಗಿಗೂ ಅದೇ ಥ್ರೆಡ್. ಒಂದರೊಳಗೊಂದು ಸಲೀಸಾಗಿ ತಿರುಗಿ ಕೂರುತ್ತವೆ. ಆದರೆ ಒಂದರ ಫ್ಲೇರ್ (ಪೈಪಿನ ಅರಳಿಸಿದ ಬಾಯಿ) 45 ಡಿಗ್ರಿ, ಇನ್ನೊಂದರದು 37. ಎಷ್ಟು ಬಿಗಿದರೂ ಜಿನುಗುತ್ತದೆ, ಇನ್ನೂ ಬಿಗಿದರೆ ಪೈಪಿನ ಬಾಯಿ ಸೀಳುತ್ತದೆ. ಕ್ಯಾಲಿಪರ್ ಕಡೆಯ ಬ್ಯಾಂಜೊ ಬೋಲ್ಟಿನದೂ (ಹೋಸನ್ನು ಕ್ಯಾಲಿಪರಿಗೆ ಬಿಗಿಯುವ, ಒಳಗೆ ಆಯಿಲ್ ಹರಿಯುವ ಬೋಲ್ಟ್) ಇಂಥದೇ ತಂಟೆ: ಷೆವ್ರೊಲೆಯ ಮಾತೃಸಂಸ್ಥೆ ಜಿಎಂನ ಈ ಕ್ಯಾಲಿಪರಿನಲ್ಲಿ ಹಳೆಯದಕ್ಕೆ 7/16-20, ಆಮೇಲಿನದಕ್ಕೆ 10 ಎಂಎಂ. ಎರಡನೆಯದನ್ನು ಮೊದಲಿನದರ ತೂತಿಗೆ ಹಾಕಿದರೆ ಸಡಿಲವಾಗಿ ಅಲ್ಲಾಡುತ್ತದೆ. ಬೋಲ್ಟಿನ ತಲೆಯ ಕೆಳಗೊಂದು, ಹೋಸಿನ ಕೆಳಗೊಂದು ತಾಮ್ರದ ವಾಷರ್, ಎರಡೂ ಹೊಸದೇ.

ಕ್ಯಾಲಿಪರ್ ತುದಿ ಮೊದಲು ಬಿಗಿದು, ಚಕ್ರ ನೇರ ನಿಲ್ಲಿಸಿ, ಹೋಸ್ ತಾನಾಗಿ ಎಲ್ಲಿ ಒರಗುತ್ತದೋ ಅಲ್ಲಿ ಮೇಲಿನ ತುದಿಯನ್ನು ಬ್ರಾಕೆಟ್ಟಿಗೆ ಕೂರಿಸಿದೆ. ಹೋಸಿನ ಮೈಮೇಲಿನ ಗೆರೆ ಇರುವುದೇ ಇದಕ್ಕೆ: ನೆಟ್ಟಗಿದ್ದರೆ ಸರಿ, ಬಳ್ಳಿಯಂತೆ ಸುತ್ತಿದ್ದರೆ ಒಳಗೆ ತಿರುಚಿದೆ ಅಂತ ಅರ್ಥ. ಬಲಗಡೆಯದು ಕಾಲು ಸುತ್ತು ತಿರುಚಿತ್ತು, ಬಿಚ್ಚಿ ಮತ್ತೆ ಕೂರಿಸಿದೆ.

ನಿನ್ನೆ ಆಯುಧಪೂಜೆ. "ಚಕ್ರಾನೇ ಇಲ್ವಲ್ರೀ, ನಿಂಬೆಹಣ್ಣು ಎಲ್ಲಿ ಇಡೋದು?" ಅಂತ ಇವಳು ಗ್ಯಾರೇಜಿನ ಬಾಗಿಲಲ್ಲಿ ನಿಂತು ನಕ್ಕಳು. ಕೊನೆಗೆ ಕುಂಕುಮ ಬಿದ್ದದ್ದು ಜ್ಯಾಕ್ ಸ್ಟ್ಯಾಂಡಿಗೆ. ಇವತ್ತು ಬ್ಲೀಡ್ ಮಾಡಲು, ಅಂದರೆ ಪೈಪಿನೊಳಗಿನ ಗಾಳಿ ತೆಗೆಯಲು, ಪೆಡಲ್ ಒತ್ತಲಿಕ್ಕೆ ಮಗಳನ್ನು ಸೀಟಿನಲ್ಲಿ ಕೂರಿಸಿದೆ.

"ಅಪ್ಪಾ, ಬಿಡ್ಲಾ?"

"ಬೇಡ ಪುಟ್ಟಿ, ನಾನು ಬಿಡು ಅಂದ್ಮೇಲೆ ಬಿಡು."

ಹಿಂದಿನ ಬಲಚಕ್ರದಿಂದ ಶುರುಮಾಡಿ ಗುಳ್ಳೆ ನಿಲ್ಲುವ ತನಕ. ಆಮೇಲೆ ಅವಳು ಪೆಡಲನ್ನು ಬಲವಾಗಿ ಒತ್ತಿ ಹಿಡಿದುಕೊಂಡಳು, ನಾನು ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟಿಗೆ ಒಣ ಟಿಶ್ಯೂ ಒತ್ತಿ ನೋಡಿದೆ. ಎಲ್ಲ ಒಣ. ಬೀದಿಯಲ್ಲಿ ಓಡಿಸಿದಾಗ ಎಡಕ್ಕೆ ಎಳೆಯುವುದು ಹೋಗಿದೆ. ಜೋರಾಗಿ ಹಿಡಿದರೆ ಹಿಂದಿನ ಡ್ರಮ್ ಮೊದಲು ಲಾಕ್ ಆಗುತ್ತಿದೆ. ಡಿಸ್ಕ್ ಹಾಕಿದವರು ಮುಂದೆ ಹಿಂದೆ ಒತ್ತಡ ಹಂಚುವ ಡ್ರಮ್ ಕಾಲದ ವಾಲ್ವನ್ನೇ ಉಳಿಸಿದ ಹಾಗಿದೆ. ಅದು ಬದಲಾಗುವ ತನಕ ಟ್ರಕ್ ಹೆದ್ದಾರಿಗೆ ಹೋಗುವುದಿಲ್ಲ.