ಮನೆ ಎಕ್ಸ್‌ಚೇಂಜ್: ಒಂದು ಕಾಲ್‌ಗೆ ಎರಡು ಇನ್ವೈಟ್
ಮನೆಯೊಳಗಿನ ಫೋನ್‌ಗಳಿಗೆ ಎಕ್ಸ್‌ಚೇಂಜ್ ಕಟ್ಟಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಕರೆ ದಾಟಿಸುವ ಕಮೈಲಿಯೊ ತಂತ್ರಾಂಶ ಕೂರಿಸಿದ್ದು, ಬೆಂಗಳೂರಿನ ಎಸ್‌ಪಿ ರೋಡಿನಿಂದ ಹಳೇ ಐಪಿ ಫೋನ್ (ನೆಟ್‌ವರ್ಕ್ ಮೂಲಕ ಮಾತಾಡುವ ಫೋನ್) ಹೊತ್ತು ತಂದಿದ್ದು, ಅದೆಲ್ಲ ಬಿಡಿ. ಎರಡು ವಾರ ನನ್ನ ತಲೆ ತಿಂದಿದ್ದು ಅಮ್ಮನ ಒಂದೇ ದೂರು: "ಮಾತಾಡಿ ಇಟ್ಟ ಮೇಲೂ ಮಿಸ್ಡ್ ಕಾಲ್ ಅಂತ ತೋರಿಸುತ್ತಲ್ಲೋ!"

ಫೋನ್ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ ಹಾಕಿ ನೋಡಿದೆ. ನನ್ನ ರೂಮಿನ 101 ನಂಬರ್ ಫೋನಿನಿಂದ ಪ್ರಾಕ್ಸಿಗೆ, ಅಂದರೆ ಕಮೈಲಿಯೊಗೆ, ಒಂದೇ ಇನ್ವೈಟ್ (ಕರೆ ಶುರು ಮಾಡುವ ಸಂದೇಶ) ಬರುತ್ತಿದೆ. ಪ್ರಾಕ್ಸಿಯಿಂದ ಹಾಲ್‌ನ 102ಕ್ಕೆ ಎರಡು ಹೋಗುತ್ತಿವೆ.

ರೀಟ್ರಾನ್ಸ್‌ಮಿಷನ್, ಅಂದರೆ ಅದೇ ಸಂದೇಶ ಮತ್ತೆ ಹೋಗುವುದು, ಅಂದುಕೊಂಡೆ. ತಲುಪಿತೋ ಇಲ್ಲವೋ ಅಂತ ತಾನಾಗಿ ನೋಡದ ಯುಡಿಪಿ ಅಲ್ವಾ, ಉತ್ತರ ತಡವಾದರೆ ಅರ್ಧ ಸೆಕೆಂಡಿಗೆ ಇನ್ನೊಂದು ಹೋಗುತ್ತದೆ. ತಪ್ಪೆಲ್ಲ ಕೇಬಲ್ ಮೇಲೆ ಹೊರಿಸಿದೆ. ಕ್ಯಾಟ್ 6 ಅಂತ ಹೇಳಿ ಅಂಗಡಿಯವನು ಕೊಟ್ಟಿದ್ದು ದಾರದಷ್ಟು ತೆಳ್ಳಗಿತ್ತು. ಬದಲಾಯಿಸಿದೆ. ಸ್ವಿಚ್ಚೂ ಬದಲಾಯಿಸಿದೆ. ಏನೂ ಆಗಲಿಲ್ಲ. ಕೇಬಲ್ ಕೆಟ್ಟದ್ದೇ, ಆದರೆ ಈ ಸಲ ಅದರ ತಪ್ಪಿರಲಿಲ್ಲ.

ಆಮೇಲೆ ಹೊಳೆಯಿತು, ಎರಡೂ ಇನ್ವೈಟ್ ಹೊರಡುವುದು ಒಂದೇ ಕ್ಷಣಕ್ಕೆ. ಅರ್ಧ ಸೆಕೆಂಡಿನ ಅಂತರವೇ ಇಲ್ಲ. ಕರೆಯ ಗುರುತುಗಳಾದ ಕಾಲ್-ಐಡಿ, ಫ್ರಮ್ ಟ್ಯಾಗ್, ಸಿಸೆಕ್ ಎಲ್ಲ ಒಂದೇ. ಆದರೆ ಸಂದೇಶ ಬಂದ ದಾರಿ ಹೇಳುವ ವಯಾ ಹೆಡರ್‌ನಲ್ಲಿ, ಬ್ರಾಂಚ್ ಎಂಬ ಗುರುತಿನ ಕೊನೆಯಲ್ಲಿ ಒಂದಕ್ಕೆ .0, ಇನ್ನೊಂದಕ್ಕೆ .1. ರೀಟ್ರಾನ್ಸ್‌ಮಿಷನ್ ಆಗಿದ್ದರೆ ಬ್ರಾಂಚ್ ಬದಲಾಗಬಾರದು. ಪ್ರಾಕ್ಸಿ ಬೇಕಂತಲೇ ಫೋರ್ಕ್ ಮಾಡುತ್ತಿತ್ತು, ಅಂದರೆ ಒಂದು ಕರೆಯನ್ನು ಕವಲೊಡೆಸಿ ಕಳಿಸುತ್ತಿತ್ತು!

ಫೋನ್‌ಗಳು ತಾವೆಲ್ಲಿದ್ದೇವೆ ಅಂತ ಪ್ರಾಕ್ಸಿಯಲ್ಲಿ ಬರೆಸುವ ರಿಜಿಸ್ಟ್ರೇಷನ್ ಪಟ್ಟಿ ತೆಗೆದರೆ 102ಕ್ಕೆ ಎರಡು ಕಾಂಟ್ಯಾಕ್ಟ್ (ವಿಳಾಸ). ಐಪಿ ಅದೇ, ಪೋರ್ಟ್ ಅದೇ, ಕೊನೆಯಲ್ಲಿರುವ 'ಲೈನ್' ಎಂಬ ಪ್ಯಾರಾಮೀಟರ್ ಮಾತ್ರ ಬೇರೆ. ಈ ಮಹಾಶಯ ಫೋನ್ ಪ್ರತಿ ಸಲ ಬೂಟ್ ಆದಾಗಲೂ ಅಲ್ಲಿ ಹೊಸ ಅಕ್ಷರಗಳನ್ನು ಹಾಕುತ್ತದೆ. ಹಳೆಯದು 3600 ಸೆಕೆಂಡ್ ಮುಗಿಯುವವರೆಗೆ ಅಲ್ಲೇ ಕೂತಿರುತ್ತದೆ. ಪೈ ಇರುವುದು ಯುಪಿಎಸ್ ಮೇಲೆ, ಹಾಲ್‌ನ ಫೋನ್ ಬರೀ ಪ್ಲಗ್‌ನಲ್ಲಿ. ಅಂದರೆ ಕರೆಂಟ್ ಹೋದಾಗ ಫೋನ್ ಎಲ್ಲ ಮರೆಯುತ್ತದೆ, ಪೈ ಏನನ್ನೂ ಮರೆಯುವುದಿಲ್ಲ. ಒಂದು ಗಂಟೆಯಲ್ಲಿ ಮೂರು ಸಲ ಕರೆಂಟ್ ಹೋದ ಸಂಜೆ ಬ್ರಾಂಚ್ .3ರವರೆಗೂ ಹೋಗಿತ್ತು. ಪವರ್ ಕಟ್ ಎಣಿಸುವ ಯಂತ್ರವನ್ನೇ ಕಟ್ಟಿದ್ದೆ, ಗೊತ್ತಿರಲಿಲ್ಲ ಅಷ್ಟೇ.

ನ್ಯಾಯವಾಗಿ, ಎರಡನೇ ಇನ್ವೈಟ್‌ಗೆ ಫೋನೇ 482, ಅಂದರೆ 'ಈ ಕರೆ ಆಗಲೇ ಬಂದಿದೆ', ಅನ್ನಬೇಕಿತ್ತು. ಇಂಥ ಕರೆಗಳ ನಿಯಮಾವಳಿ ಆರ್‌ಎಫ್‌ಸಿ 3261 ಅದನ್ನು 2002ರಲ್ಲೇ ಹೇಳಿದೆ. ಈ ಫೋನ್ ಸುಮ್ನೆ ಎರಡನೇ ಲೈನಿನಲ್ಲೂ ರಿಂಗ್ ಮಾಡುತ್ತದೆ. ಅಮ್ಮ ಒಂದನ್ನು ಎತ್ತಿದ ಕೂಡಲೇ ಪ್ರಾಕ್ಸಿ ಇನ್ನೊಂದನ್ನು ಕ್ಯಾನ್ಸಲ್ ಮಾಡುತ್ತದೆ. ಅದೇ ಮಿಸ್ಡ್ ಕಾಲ್.

    

ಪರಿಹಾರ ಒಂದೇ ಸಾಲು. ಕಮೈಲಿಯೊದಲ್ಲಿ ಕಾಂಟ್ಯಾಕ್ಟ್ ಉಳಿಸುವ ಸೇವ್ ಫಂಕ್ಷನ್‌ಗೆ 4ರ ಫ್ಲ್ಯಾಗ್ (ಆಯ್ಕೆಯ ಸಂಖ್ಯೆ) ಕೊಟ್ಟೆ, ಒಂದು ನಂಬರಿಗೆ ಒಂದೇ ಕಾಂಟ್ಯಾಕ್ಟ್. ಪ್ಲಗ್ ಐದು ಸಲ ಕಿತ್ತು ಹಾಕಿದೆ, ಪ್ರತಿ ಸಲವೂ ಒಂದೇ ಇನ್ವೈಟ್. ಖುಷಿಯಲ್ಲಿ ಕಾಫಿಗೆ ಕೂತೆ. ಅಷ್ಟರಲ್ಲಿ ಅಮ್ಮ ಬಂದರು: "ಈಗ ಹಾಲ್‌ ಫೋನ್ ರಿಂಗೇ ಆಗಲ್ಲ." ಅವರ ಮೊಬೈಲ್ ಆ್ಯಪ್‌ನಲ್ಲೂ 102 ಹಾಕಿಕೊಟ್ಟಿದ್ದೆ. ಅದು ರಿಜಿಸ್ಟರ್ ಆದಾಗಲೆಲ್ಲ ಹಾಲ್‌ನ ಫೋನನ್ನು ಒದ್ದು ಹೊರಗೆ ಹಾಕುತ್ತಿದೆ. ಮೊಬೈಲ್‌ಗೆ ಈಗ 103.