ಹನ್ನೊಂದು ಸಲ ಹೋದೆವು, ಏಳು ಸಲ ಬರಿಗೈ

ತುಂಗಭದ್ರೆಯಲ್ಲಿ ಗಾಳ ಹಾಕಲು ಎಲ್ಲಿಗೆ ಹೋಗಬೇಕು, ಎರೆ ಏನು ಕಟ್ಟಬೇಕು ಎಂದು ದಾವಣಗೆರೆಯ ಗೆಳೆಯರು ಆಗಾಗ ಕೇಳುತ್ತಾರೆ. ಅವರು ನೋಡಿರುವುದು ನಾನು ಮೊಬೈಲ್‌ನಲ್ಲಿ ಕಳಿಸಿದ ಒಂದೇ ಒಂದು ರೋಹು ಮೀನಿನ ಫೋಟೊ. ಅದರ ಹಿಂದಿನ ಲೆಕ್ಕ ಗೊತ್ತಿರುವುದು ನಮ್ಮ ಮನೆಯವರಿಗೆ ಮಾತ್ರ. ಕಳೆದ ವರ್ಷದ ಜುಲೈನಿಂದ ಈಚೆಗೆ ನಾನೂ ನನ್ನ ಭಾವನೂ ಹನ್ನೊಂದು ಸಲ ನದಿಗೆ ಹೋಗಿದ್ದೇವೆ. ಏಳು ಸಲ ಚೀಲ ಹೋದ ಹಾಗೆಯೇ ವಾಪಸ್ ಬಂದಿದೆ. ಹೊಸದಾಗಿ ಹೊರಡುವವರಿಗೆ ಆ ಏಳು ದಿನಗಳ ಕಥೆಯೇ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲ ಸಲ ದಾವಣಗೆರೆಯಲ್ಲಿ ಚುರುಚುರು ಬಿಸಿಲು. ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್, ಬಸ್ಸಿಗೇನೂ ಕೊರತೆಯಿಲ್ಲ. ಬೆಳಗಿನ ಬಸ್ಸಿನಲ್ಲೇ ಹೋಗಿ ಇಳಿದು ನೋಡಿದರೆ ಹೊಳೆ ಕೆಂಪಗೆ, ದಡ ಸವರಿಕೊಂಡು ಹರಿಯುತ್ತಿತ್ತು. ಮಳೆ ಬಿದ್ದಿದ್ದು ಮಲೆನಾಡಿನಲ್ಲಿ. ತುಂಗಾ ನದಿಯ ಗಾಜನೂರು ಅಣೆಕಟ್ಟು ಚಿಕ್ಕದು. ಮುಂಗಾರಿನ ಆರಂಭದಲ್ಲೇ ತುಂಬಿಬಿಡುತ್ತದೆ, ಆಮೇಲೆ ಬಂದಷ್ಟು ನೀರನ್ನೂ ಹೊರಗೆ ಬಿಡುತ್ತಾರೆ. ಅದು ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತದೆ. ಹಾಗಾಗಿ ನಮ್ಮೂರಿನ ಆಕಾಶ ನೋಡಿ ಹೊರಡಬೇಡಿ, ಪತ್ರಿಕೆಯಲ್ಲಿ ಗಾಜನೂರಿನ ಹೊರಹರಿವು ನೋಡಿ ಹೊರಡಿ. ಕಾಟ್ಲ, ರೋಹು ಮೊಟ್ಟೆ ಇಡುವುದೂ ಇದೇ ಹೊಸ ನೀರಿನ ಕಾಲದಲ್ಲಿ. ನನ್ನನ್ನು ಕೇಳಿದರೆ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳ ಅಟ್ಟದ ಮೇಲೇ ಇರಲಿ.

ಎರಡನೆಯದು ಶುದ್ಧ ನನ್ನ ದಡ್ಡತನ. ಉಕ್ಕಡಗಾತ್ರಿಯ ಕಡೆ ನದಿ ಅಗಲವಾಗಿದೆ, ನೆರಳೂ ಇದೆ ಎಂದು ಯಾರೋ ಹೇಳಿದರು. ಮಲೇಬೆನ್ನೂರಿನ ಮೇಲೆ ಹೋಗಲು ಹತ್ತಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು. ಅಂದು ಅಮಾವಾಸ್ಯೆ. ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಬಂದ ಜನ ಹೊಳೆಯ ತುಂಬ ಸ್ನಾನ ಮಾಡುತ್ತಿದ್ದರು. ಭಾವ ಗಾಳದ ಕೋಲನ್ನು ಟವೆಲ್‌ನಲ್ಲಿ ಸುತ್ತಿ ಬೆನ್ನ ಹಿಂದೆ ಹಿಡಿದುಕೊಂಡರು. ದರ್ಶನ ಮಾಡಿ, ಪ್ರಸಾದ ತಿಂದು ಬಂದೆವು. ನದಿ ತುಂಬಿದ ದಿನಗಳಲ್ಲಿ ಉಕ್ಕಡಗಾತ್ರಿ–ಫತ್ತೇಪುರ ರಸ್ತೆಯೂ ಮುಳುಗುವುದುಂಟು, ಅದನ್ನೂ ವಿಚಾರಿಸಿಕೊಳ್ಳಿ.

ಆಮೇಲಿನ ಮೂರು ಸಲದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರೆಹುಳು ಕಟ್ಟಿದೆವು, ಬೆರಳುದ್ದದ ಮೀನುಗಳು ಕಚ್ಚಿ ಕಚ್ಚಿ ಖಾಲಿ ಮಾಡಿದವು. ಬಂಡೆಗಳ ನಡುವೆ ಸಿಕ್ಕಿ ಐದು ಗಾಳ ಹೋದವು. ತಂಗೂಸಿ ದಾರ ತೆಳ್ಳಗಿತ್ತು ಎಂದು ಭಾವ, ಎಸೆದದ್ದು ಸರಿಯಿಲ್ಲ ಎಂದು ನಾನು.

ಡಿಸೆಂಬರ್‌ನಲ್ಲಿ ಕಣ್ಣು ತೆರೆಸಿದವರು ಬಲೆ ರಿಪೇರಿ ಮಾಡುತ್ತ ಕುಳಿತಿದ್ದ ಒಬ್ಬ ಅಜ್ಜ. ನಮ್ಮನ್ನು ಬಹಳ ಹೊತ್ತು ನೋಡಿ, "ಇಲ್ಲಿ ನೀರು ಎಷ್ಟು ಆಳ ಇದೆ ತಮ್ಮಾ?" ಎಂದು ಕೇಳಿದರು. ಗೊತ್ತಿರಲಿಲ್ಲ. "ಆಳ ಗೊತ್ತಿಲ್ಲದೆ ಬೆಂಡು ಎಲ್ಲಿ ಕಟ್ಟಿದಿರಿ?" ಬೆಂಡು ಎಂದರೆ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ತುಂಡು. ಅದರ ಕೆಳಗೆ ದಾರ ಎಷ್ಟು ಉದ್ದವೋ ಗಾಳ ಅಷ್ಟು ಆಳಕ್ಕೆ ಇಳಿಯುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆಯುವುದನ್ನು ಅವರೇ ತೋರಿಸಿದರು. ಕಾಟ್ಲದ ಬಾಯಿ ಮೇಲ್ಮುಖ, ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ತಳದ ಕೆಸರು ಕೆದಕುತ್ತದೆ. ನಾವು ಇಷ್ಟು ದಿನ ಎಲ್ಲಕ್ಕೂ ಒಂದೇ ಅಳತೆಯಲ್ಲಿ ಬೆಂಡು ಕಟ್ಟಿ, ಯಾವ ಮೀನೂ ಬಾರದ ಜಾಗದಲ್ಲಿ ಊಟ ಬಡಿಸಿದ್ದೆವು.

ಎರೆಯ ವಿಷಯದಲ್ಲೂ ಅಜ್ಜನ ಮಾತೇ ಗೆದ್ದಿತು. ಶೇಂಗಾ ಹಿಂಡಿ. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ನಮ್ಮ ಕಡೆ ಹಿಂಡಿಗೆ ಬರವೇ? ರಾತ್ರಿ ನೆನೆಸಿ, ಬೆಳಿಗ್ಗೆ ಮೈದಾ ಸೇರಿಸಿ ಗಟ್ಟಿಯಾಗಿ ನಾದಿ, ಗೋಲಿಯಷ್ಟು ಉಂಡೆ ಮಾಡಿ ಕಟ್ಟಬೇಕು. ಮೊದಲು ಒಂದೆರಡು ಹಿಡಿ ಹಿಂಡಿಯನ್ನು ನೀರಿಗೆ ಎರಚಿ ಅರ್ಧ ಗಂಟೆ ಸುಮ್ಮನಿರಬೇಕು. ಈ ಸುಮ್ಮನಿರುವುದು ಭಾವನಿಗೆ ಇನ್ನೂ ಬಂದಿಲ್ಲ. ಸೂಳೆಕೆರೆಯಿಂದ ಬರುವ ಹರಿದ್ರಾವತಿ ಹಳ್ಳ ನದಿಗೆ ಸೇರುವ ಕಡೆ, ಸುಳಿಯ ಪಕ್ಕದ ನಿಂತ ನೀರಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಯೊಳಗೆ ಬೆಂಡು ಒಮ್ಮೆ ಕುಣಿದು ಓರೆಯಾಗಿ ಒಳಗೆ ಹೋಯಿತು. ಒಂದೂವರೆ ಕಿಲೋ ರೋಹು. ಫೋಟೊದಲ್ಲಿರುವುದು ಅದೇ.

ಅದರ ಮುಂದಿನ ವಾರ ಮತ್ತೆ ಸೋಲು, ಜೊತೆಗೆ ನೋವು. ಕಪ್ಪಗಿನ ಮೀಸೆಯ ಮೀನೊಂದು ಸಿಕ್ಕಿತು. ಸಣ್ಣ ಬಾಳೆ ಮೀನು ಎಂದುಕೊಂಡು ಭಾವ ಬರಿಗೈಯಲ್ಲಿ ಹಿಡಿದರು. ಅದು ಚೇಳು ಮೀನು. ಎದೆಯ ರೆಕ್ಕೆಯ ಮುಳ್ಳಿನಲ್ಲಿ ವಿಷವಿರುತ್ತದೆ. ಚುಚ್ಚಿದರೆ ಭುಜದವರೆಗೂ ಉರಿ. ಹತ್ತಿರದ ಚಹಾ ಅಂಗಡಿಯಲ್ಲಿ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿ ಕೂರಿಸಿದೆ, ಉರಿ ಇಳಿಯಿತು. ಆಮೇಲೆ ಆಸ್ಪತ್ರೆಗೂ ಹೋಗಿ ಬಂದೆವು. ದಪ್ಪ ಬಟ್ಟೆಯೊಂದು ಚೀಲದಲ್ಲಿರಲಿ. ಮೀನನ್ನು ವಾಪಸ್ ನೀರಿಗೆ ಬಿಟ್ಟಿದ್ದರಿಂದ ನಾನು ಆ ದಿನವನ್ನು ಬರಿಗೈ ಎಂದೇ ಬರೆದುಕೊಂಡಿದ್ದೇನೆ. ಭಾವ ಒಪ್ಪುವುದಿಲ್ಲ.

ಬೇಸಿಗೆಯಲ್ಲಿ ನದಿ ಮಡುಗಳಾಗಿ ಒಡೆದಿರುತ್ತದೆ. ಮೀನು ಮಡುವಿನಲ್ಲೇ ಇರುತ್ತದೆ ಎಂಬ ಲೆಕ್ಕ ಸರಿಯೇ. ಆದರೆ ಕುಡಿಯುವ ನೀರಿಗಾಗಿ ಭದ್ರಾ ಜಲಾಶಯದಿಂದ ನದಿಗೆ ನೀರು ಬಿಡುವುದುಂಟು. ಮರಳಿನ ಮೇಲೆ ಇಟ್ಟಿದ್ದ ನಮ್ಮ ಚೀಲ, ರೊಟ್ಟಿಯ ಗಂಟಿನ ಸಮೇತ ನೆನೆದು ಹೋಯಿತು. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ, ಮೊಣಕಾಲುದ್ದ ನೀರು ಮುಂದಿನ ಹೆಜ್ಜೆಗೆ ಆಳುದ್ದವಾಗಿರುತ್ತದೆ. ಈ ನದಿಯಲ್ಲಿ ಮೊಸಳೆಗಳೂ ಇವೆ. ಸಿಕ್ಕಿಕೊಂಡ ಗಾಳ ಬಿಡಿಸಲು ನೀರಿಗೆ ಇಳಿಯಬೇಡಿ. ದಾರ ಕತ್ತರಿಸಿ, ಎರಡು ರೂಪಾಯಿ ಹೋಗಲಿ.

ಕೆರೆ, ಜಲಾಶಯಗಳ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿ ಕೋಡಿ ಬಿದ್ದಾಗ ನನ್ನಂಥವರಿಗೆಲ್ಲ ಆಸೆ ಹುಟ್ಟಿತ್ತು. ಅಲ್ಲಿಗಾಗಲಿ, ನದಿಗಾಗಲಿ ಹೊರಡುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಪರವಾನಗಿಯ ಬಗ್ಗೆ ಕೇಳಿಕೊಳ್ಳಿ. ಬಲೆ ಹಾಕುವ ಬೆಸ್ತರು ಕುಳಿತ ಜಾಗದಲ್ಲಿ ಅವರನ್ನು ಕೇಳದೆ ಕೂರಬೇಡಿ, ಅದು ಅವರ ಅನ್ನ.

ಈ ಭಾನುವಾರ ಹನ್ನೆರಡನೆಯ ಸಲ ಹೊರಟಿದ್ದೇವೆ. ಹಿಂಡಿ ನೆನೆಹಾಕಿ ಆಗಿದೆ. ಅಮಾವಾಸ್ಯೆ ಇರುವುದು ಬುಧವಾರ. ಕ್ಯಾಲೆಂಡರ್ ಎರಡು ಸಲ ನೋಡಿದ್ದೇನೆ.